ಸೋಮವಾರದ ಪಟ್ಟಿ

ಏಪ್ರಿಲ್ 11

ಪ್ರೀತಿಯ ಮಾಮನಿಗೆ,

ಕುತ್ತಿಗೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದೀಯ ತಾನೆ? ಮೊದಲು ಅದಕ್ಕೆ ಉತ್ತರ ಬರೆ, ಮಿಕ್ಕಿದ್ದು ಆಮೇಲೆ. ಬೇರೆಯವರು ಮೂಗು ಬಾಯಿ ಮುಚ್ಚಿಕೊಂಡರೆ ಸಾಕು. ನೀನು ಉಸಿರಾಡುವುದು ಕುತ್ತಿಗೆಯ ರಂಧ್ರದಿಂದ. ಮೂರು ವರ್ಷದ ಹಿಂದೆ ಕ್ಯಾನ್ಸರ್ ಹಿಡಿದ ನಿನ್ನ ಧ್ವನಿಪೆಟ್ಟಿಗೆ ತೆಗೆದಾಗ ದೊಡ್ಡ ಡಾಕ್ಟರ ಎದುರು ನಿಂತು ನೆರವಾದವಳು ನಾನು. ಆ ರಂಧ್ರದ ಯೋಗಕ್ಷೇಮ ಕೇಳುವ ಅಧಿಕಾರ ನನಗಿದೆ. ಮಾರ್ಚಿನಲ್ಲಿ ನೀನು ತಪಾಸಣೆಗೆ ಬರಬೇಕು ಅನ್ನುವಾಗ ರೈಲು ನಿಂತಿತು. ಈಗ ಹನ್ನೊಂದು ಗಂಟೆಯ ದಾರಿಯ ಆಚೆ ಕೂತಿದ್ದೀಯ. ಫೋನಿನಲ್ಲಿ ಮಾತಾಡಲಾರೆ, ಮೆಸೇಜು ಮಾಡಿದರೆ ಕಾಗುಣಿತ ಕೆಡುತ್ತದೆ ಅಂತ ಹಟ. ಸರಿ, ಅಂಚೆ ವ್ಯಾನು ಇನ್ನೂ ಓಡಾಡುತ್ತಿದೆ. ಕಾಗದವೇ ಆಗಲಿ.

ಇಲ್ಲಿ ಆರು ಆಪರೇಷನ್ ಥಿಯೇಟರುಗಳಲ್ಲಿ ಐದಕ್ಕೆ ಬೀಗ ಬಿದ್ದಿದೆ. ಅರಿವಳಿಕೆ ಡಾಕ್ಟರನ್ನೂ ಅವರ ಯಂತ್ರಗಳನ್ನೂ ಕೊರೋನಾ ವಾರ್ಡಿಗೆ ಒಯ್ದರು. ತಪ್ಪು ಅಂತ ಹೇಳಲಾರೆ, ಅಲ್ಲಿ ಜನ ಉಸಿರಿಲ್ಲದೆ ಸಾಯುತ್ತಿದ್ದಾರೆ. ಆದರೆ ಕ್ಯಾನ್ಸರಿಗೆ ಯಾರೂ ರಜೆ ಕೊಟ್ಟಿಲ್ಲವಲ್ಲ. ವಾರಕ್ಕೆ ಆರು ಆಪರೇಷನ್ ಮಾಡಬಹುದು. ಕಾಯುತ್ತಿರುವವರು ನೂರ ನಲವತ್ತಮೂರು. ಪ್ರತಿ ಸೋಮವಾರ ಸೂಪರಿಂಟೆಂಡೆಂಟ್, ದೊಡ್ಡ ಡಾಕ್ಟರು, ಅರಿವಳಿಕೆಯ ಮುಖ್ಯಸ್ಥರು ಮತ್ತು ನಾನು ಒಂದು ಮೇಜಿನ ಸುತ್ತ ಕೂತು ಆ ಆರು ಜನರನ್ನು ಆರಿಸುತ್ತೇವೆ. ಬೇಗ ಹರಡುವ ಗಡ್ಡೆಗೆ ಹೆಚ್ಚು ಅಂಕ, ನಿಧಾನದ್ದಕ್ಕೆ ಕಡಿಮೆ. ಎಲ್ಲರಿಗಿಂತ ಚಿಕ್ಕವಳು ಅಂತ ಪಟ್ಟಿ ಬರೆಯುವ ಕೆಲಸ ನನ್ನದು, ಆಮೇಲೆ ರೋಗಿಗಳಿಗೆ ಹೇಳುವ ಕೆಲಸವೂ ನನ್ನದು.

ಮೊನ್ನೆ ಬಿಸ್ಕತ್ತು ತಿನ್ನುತ್ತಲೇ ಒಬ್ಬನನ್ನು ಕೆಳಗಿಳಿಸಿದೆವು. ಪುಡಿ ಪಟ್ಟಿಯ ಮೇಲೆ ಬಿತ್ತು. ಸೂಪರಿಂಟೆಂಡೆಂಟ್ ಬಗ್ಗಿ ಉಫ್ ಅಂತ ಊದಿದರು, ಎಂಬತ್ತೇಳನೆಯ ನಂಬರಿನವನ ಹೆಸರಿನ ಮೇಲಿಂದ. ಕೈಯಲ್ಲಿದ್ದ ಬಿಸ್ಕತ್ತನ್ನು ತಟ್ಟೆಗೆ ಹಾಕಿದೆ, ಮಾಮ. ಐದು ದಿನಕ್ಕೆ ಒಂದು ಮಾಸ್ಕು ಕೊಡುತ್ತಾರೆ, ಕಾಗದದ ಚೀಲದಲ್ಲಿ ಹಾಕಿ ಮೊಳೆಗೆ ನೇತುಹಾಕುತ್ತೇವೆ. ನಾಲ್ಕನೆಯ ದಿನ ಅದನ್ನು ಮುಖಕ್ಕೆ ಏರಿಸಿದರೆ ನನ್ನ ಬಾಯಿಯೇ ನನಗೆ ಹೇಸಿಗೆ.

ನೀನು ಹೇಗಿದ್ದೀಯ ಬರೆ, ಸುಳ್ಳು ಬೇಡ.

ನಿನ್ನ ಕತ್ತರಿ

*

ಏಪ್ರಿಲ್ 22

ಪ್ರೀತಿಯ ಕತ್ತರಿಗೆ,

ಬಟ್ಟೆ ಕಟ್ಟುತ್ತಿದ್ದೇನೆ. ಕೆಳಗಿನ ಮನೆಯ ಟೈಲರಮ್ಮ ನನ್ನ ಹಳೇ ಅಂಗಿ ಕತ್ತರಿಸಿ ಎಂಟು ಹೊಲಿದುಕೊಟ್ಟಳು. ಕುತ್ತಿಗೆಯ ಹಿಂದೆ ಕಟ್ಟುವ ಲಾಡಿ ಸಾಲದೆ ಎರಡು ಬೆರಳು ಉದ್ದ ಮಾಡಿಸಿದೆ. ಕೂತಲ್ಲೇ ಕೂತು ತಿಂದು ಕುತ್ತಿಗೆ ದಪ್ಪಗಾಗಿದೆ. ಅವಳೇ ಸಾಮಾನು ತಂದು ಮೆಟ್ಟಿಲ ಮೇಲೆ ಇಟ್ಟು ಬಾಗಿಲು ಬಡಿದು ಹೋಗುತ್ತಾಳೆ. ನಾನು ಕಿಟಕಿಯಿಂದ ಕೈ ಆಡಿಸುತ್ತೇನೆ. ಮಾತು ಬರುವವರೂ ಈಗ ಇಷ್ಟೇ ಮಾಡುತ್ತಿದ್ದಾರೆ, ಹಾಗಾಗಿ ನನಗೇನೂ ಕೊರತೆಯಿಲ್ಲ.

ಕೆಳಗೆ ಪ್ರೆಸ್ಸು ಮುಚ್ಚಿದೆ. ಮೂವತ್ತೊಂದು ವರ್ಷ ಆ ಯಂತ್ರದ ಸದ್ದಿನ ಮೇಲೆ ಕೂತು ಕರಡು ತಿದ್ದಿದವನಿಗೆ ಈ ನಿಶ್ಶಬ್ದ ಕಿವಿಗೆ ಚುಚ್ಚುತ್ತದೆ. ಹಳೆಯ ಪಂಚಾಂಗದಿಂದ ಹಿಡಿದು ಔಷಧಿ ಡಬ್ಬಿಯ ಒಳಗಿನ ಚೀಟಿಯವರೆಗೆ ಎಲ್ಲ ಓದಿ ತಪ್ಪು ಗುರುತು ಹಾಕುತ್ತಿದ್ದೇನೆ. ನಿನ್ನ ಕಾಗದದಲ್ಲಿ ಎರಡು ಒತ್ತಕ್ಷರ ತಪ್ಪಿದ್ದವು, ಕ್ಷಮಿಸಿದ್ದೇನೆ. ನಿಮ್ಮಮ್ಮ ಪಾಳಿಯ ಕೆಲಸಕ್ಕೆ ಹೋದಾಗಲೆಲ್ಲ ನನ್ನ ಮೇಜಿನ ಕೆಳಗೆ ಕೂತು ಕರಡು ಹಾಳೆಗಳನ್ನು ಚೂರು ಚೂರು ಮಾಡುತ್ತಿದ್ದ ಹುಡುಗಿ ನೀನು. ಕಾಗುಣಿತ ಎಲ್ಲಿಂದ ಬರಬೇಕು.

ಬಿಸ್ಕತ್ತಿನ ವಿಷಯ ಓದಿ ನಕ್ಕುಬಿಟ್ಟೆ, ಆಮೇಲೆ ನಗಬಾರದಿತ್ತು ಅನ್ನಿಸಿತು. ನನ್ನ ನಗುವಿಗೆ ಸದ್ದಿಲ್ಲದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ನಿನ್ನ ಮಾಮ

*

ಮೇ 5

ಮಾಮ,

ನೀನು ತಿಂದು ದಪ್ಪಗಾಗಿದ್ದೀಯ ಅಂತ ಓದಿ ಸಮಾಧಾನವಾಯಿತು. ಡಿಸೆಂಬರಿನಲ್ಲಿ ನೋಡಿದಾಗ ಕೋಲಿನ ಹಾಗಿದ್ದೆ. ಇನ್ನೂ ಚೆನ್ನಾಗಿ ತಿನ್ನು.

ಹೋದ ಸೋಮವಾರದ್ದು ಹೇಳಬೇಕು. ಮೂರನೆಯ ನಂಬರಿನಲ್ಲಿ ಬಸ್ ಡಿಪೋದಲ್ಲಿ ಬಸ್ಸು ತೊಳೆಯುವ ಹೆಂಗಸೊಬ್ಬರು ಇದ್ದರು. ನಲವತ್ತೊಂದು ವರ್ಷ. ಎಡಗೆನ್ನೆಯ ಒಳಗೆ ಹೆಬ್ಬೆರಳ ಉಗುರಿನಷ್ಟು ಹುಣ್ಣು, ಕ್ಯಾನ್ಸರಿನದು. ಈಗಲೇ ಮಾಡಿದರೆ ಕೆನ್ನೆಯ ಒಳಗಿನ ಒಂದು ತುಂಡು ತೆಗೆದು ಹೊಲಿದರೆ ಮುಗಿಯಿತು. ತಡವಾದರೆ ದವಡೆಯ ಮೂಳೆಗೆ ಇಳಿಯುತ್ತದೆ.

ಆ ಬೆಳಿಗ್ಗೆ ಪಟ್ಟಿಗೆ ಹೊಸದೊಂದು ಹೆಸರು ಬಂತು. ನಮ್ಮ ಆಸ್ಪತ್ರೆಯ ಟ್ರಸ್ಟಿಯೊಬ್ಬರ ಭಾವಮೈದುನ. ಥೈರಾಯ್ಡ್ ಕ್ಯಾನ್ಸರ್. ಅವನಿಗಿದ್ದ ಬಗೆಯದು ಆರು ತಿಂಗಳು ಕಾದರೂ ಮಿಸುಕುವುದಿಲ್ಲ ಅಂತ ಮೂರನೆಯ ವರ್ಷದ ವಿದ್ಯಾರ್ಥಿಗೂ ಗೊತ್ತು. ಟ್ರಸ್ಟಿ ಕಳೆದ ತಿಂಗಳು ಆಸ್ಪತ್ರೆಗೆ ಮೂರು ವೆಂಟಿಲೇಟರ್ ತರಿಸಿಕೊಟ್ಟಿದ್ದರು. ಸೂಪರಿಂಟೆಂಡೆಂಟ್ ನಮ್ಮ ಮುಖ ನೋಡದೆ ಹೇಳಿದರು, "ಒಂದೇ ಒಂದು ಕೇಸು ರೀ. ಒಂದು ವಾರದ ಮಾತು. ಆಯಮ್ಮನಿಗೇನೂ ಆಗಲ್ಲ."

ಪಟ್ಟಿಯನ್ನು ಬದಲಾಯಿಸಲಾಯಿತು. ಮೂರನೆಯ ನಂಬರಿನವರನ್ನು ಮುಂದಿನ ವಾರಕ್ಕೆ ಹಾಕಲಾಯಿತು. ಸಹಿ ಮಾಡಲಾಯಿತು. ಅವರಿಗೆ ತಿಳಿಸಲಾಯಿತು.

ಆಪರೇಷನ್ ಆದ ಮಾರನೆಯ ದಿನ ಆ ಭಾವಮೈದುನ ಕೋಣೆಯಲ್ಲಿ ತಂಪು ಸಾಲದು ಅಂತ ನರ್ಸುಗಳ ಮೇಲೆ ಹಾರಾಡಿದ. ನನಗೆ ಈ ಜಾಗವೇ ನಾರುತ್ತಿದೆ ಅನ್ನಿಸುತ್ತಿದೆ, ಮಾಮ. ಎಷ್ಟು ಫಿನಾಯಿಲ್ ಸುರಿದರೂ ಹೋಗದ ನಾತ.

ಕತ್ತರಿ

*

ಮೇ 15

ಕತ್ತರಿ,

ನಿನ್ನ ಕಾಗದ ನಾಲ್ಕು ಸಲ ಓದಿದೆ.

ಏಪ್ರಿಲಿನ ಕಾಗದದಲ್ಲಿ ಪ್ರತಿ ಕೆಲಸಕ್ಕೂ ಒಬ್ಬ ಆಸಾಮಿ ಇದ್ದ. ಒಯ್ದರು, ಊದಿದರು, ಕೆಳಗಿಳಿಸಿದೆವು. ಈ ಸಲದ್ದರಲ್ಲಿ ಬದಲಾಯಿಸಲಾಯಿತು, ಹಾಕಲಾಯಿತು, ಮಾಡಲಾಯಿತು, ತಿಳಿಸಲಾಯಿತು. ಸರ್ಕಾರಿ ಪ್ರಕಟಣೆಗಳ ಕರಡು ತಿದ್ದಿ ತಿದ್ದಿ ಕಣ್ಣು ಕಳೆದುಕೊಂಡವನು ನಾನು. ಈ 'ಲಾಯಿತು' ಎಲ್ಲಿ ಬಂದು ಕೂರುತ್ತದೆ ಅಂತ ಚೆನ್ನಾಗಿ ಗೊತ್ತು. ಮನೆ ಕೆಡವಿದವನು ತಾನು ಕೆಡವಿದೆ ಅಂತ ಬರೆಯುವುದಿಲ್ಲ, ತೆರವುಗೊಳಿಸಲಾಯಿತು ಅಂತ ಬರೆಯುತ್ತಾನೆ.

ಯಾರು ಸಹಿ ಮಾಡಿದ್ದು? ಯಾರು ತಿಳಿಸಿದ್ದು? ಆ ಹೆಂಗಸು ಏನು ಹೇಳಿದರು?

ನಾನು ಚೆನ್ನಾಗಿದ್ದೇನೆ. ನನ್ನ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಈಚೆಗೆ ಎಡಮಗ್ಗುಲಿಗೆ ಮಲಗುವುದು ಬಿಟ್ಟಿದ್ದೇನೆ, ಅಷ್ಟೇ ಹೊಸ ಸುದ್ದಿ.

ಮಾಮ

*

ಮೇ 24

ಮಾಮ,

ಮೂವರು ದೊಡ್ಡವರು ಸಹಿ ಮಾಡಿದರು. ನಾಲ್ಕನೆಯ ಸಹಿ ನನ್ನದು. ನಾನು ಬಾಯಿಬಿಟ್ಟಿದ್ದರೆ ಅವರು ಕೇಳುತ್ತಿರಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಅದೂ ನಿಜವೋ ಸುಳ್ಳೋ ಗೊತ್ತಿಲ್ಲ, ಬಾಯಿಬಿಟ್ಟು ನೋಡಲೇ ಇಲ್ಲವಲ್ಲ.

ತಿಳಿಸಿದವಳೂ ನಾನೇ. ಹೊರರೋಗಿಗಳ ಬೆಂಚಿನ ಮೇಲೆ ಒಂದು ಬಿಟ್ಟು ಒಂದು ಜಾಗಕ್ಕೆ ಅಡ್ಡಗೆರೆ ಎಳೆದಿದ್ದಾರೆ. ಅವರು ಚೀಲ ತೊಡೆಯ ಮೇಲಿಟ್ಟುಕೊಂಡು ಎರಡು ಗೆರೆಗಳ ನಡುವೆ ಕೂತಿದ್ದರು. ಆಸ್ಪತ್ರೆಯಲ್ಲಿ ಉಳಿಯಲು ಬಟ್ಟೆ, ಸೋಪು, ಬಾಚಣಿಗೆ ತಂದಿದ್ದರು.

"ಈ ವಾರ ಆಗಲ್ಲಮ್ಮ. ಮುಂದಿನ ವಾರ."

"ನನ್ನ ರಿಪೋರ್ಟಲ್ಲಿ ಏನಾದ್ರೂ ತೊಂದ್ರೆನಾ ಡಾಕ್ಟ್ರಮ್ಮ?"

"ಇಲ್ಲ. ಜಾಗ ಇಲ್ಲ."

"ಮುಂದಿನ ವಾರ ಖಂಡಿತಾನಾ? ಡಿಪೋದಲ್ಲಿ ರಜ ಬರೆಸ್ಬೇಕು, ಅದಕ್ಕೆ ಕೇಳ್ತಿದೀನಿ."

ಖಂಡಿತ ಅಂದೆ. ಆ ಗುರುವಾರ ಥಿಯೇಟರಿನ ಇಬ್ಬರು ಟೆಕ್ನೀಷಿಯನ್ನರಿಗೆ ಕೊರೋನಾ ಬಂತು. ಉಳಿದಿದ್ದ ಒಂದು ಥಿಯೇಟರಿಗೂ ಬೀಗ. ಇನ್ನೂ ತೆಗೆದಿಲ್ಲ.

ಸಾಕಾ? ಕರಡು ತಿದ್ದಿ ಮುಗಿಯಿತಾ? ನೀನು ಮೆಟ್ಟಿಲ ಮೇಲಿನ ಬ್ರೆಡ್ಡು ಎತ್ತಿಕೊಂಡು ಕಿಟಕಿಯಲ್ಲಿ ಕೈ ಆಡಿಸುತ್ತ ಕೂತಿದ್ದೀಯ. ನಾನು ಆ ಮೇಜಿನ ಮುಂದೆ ಕೂರುತ್ತೇನೆ. ಸಂಜೆ ಗೇಟಿನ ಹತ್ತಿರ ಜನ ನಿಂತು ನಮಗೆ ಚಪ್ಪಾಳೆ ತಟ್ಟುತ್ತಾರೆ. ನಿನ್ನೆ ಒಬ್ಬಾಕೆ ನನಗೆ ಕೈಮುಗಿದರು. ತಿರುಗಿ ಕೈಮುಗಿಯದೆ ದಾಟಿ ಬಂದೆ.

ಕತ್ತರಿ

*

ಜೂನ್ 13

ಮಾಮ,

ಇಪ್ಪತ್ತು ದಿನವಾಯಿತು, ನಿನ್ನ ಕಾಗದವಿಲ್ಲ. ಕೋಪದಲ್ಲಿ ಬರೆದಿದ್ದೆ, ಹೊಟ್ಟೆಗೆ ಹಾಕಿಕೋ.

ನೀನು ಕೇಳಿದ್ದು ವ್ಯರ್ಥವಾಗಲಿಲ್ಲ. ಥಿಯೇಟರ್ ತೆರೆದಿದೆ. ಈ ಸೋಮವಾರದಿಂದ ಯಾರು ಏನು ಹೇಳಿದರು ಅಂತ ಹೆಸರು ಹಾಕಿ ಬರೆಯುತ್ತಿದ್ದೇನೆ. ಸೂಪರಿಂಟೆಂಡೆಂಟ್ ಓದಿ, "ಇದೇನಮ್ಮ, ನಾಟಕದ ಪುಸ್ತಕದ ಥರ ಬರೆದಿದ್ದೀಯ" ಅಂದರು. ಹರಿದುಹಾಕಲಿಲ್ಲ. ಬಸ್ ತೊಳೆಯುವವರ ಹುಣ್ಣು ಈಗ ದವಡೆಗೆ ಅಂಟಿಕೊಂಡಿದೆ. ಇನ್ನು ದೊಡ್ಡ ಆಪರೇಷನ್ನೇ ಬೇಕು, ಅದಕ್ಕೆ ಐಸಿಯು ಹಾಸಿಗೆ ಬೇಕು. ಆ ಹಾಸಿಗೆ ನಮಗೆ ಸಿಗುವುದು ವಾರಕ್ಕೆ ಒಂದೇ. ಅವರಿಗಿಂತ ಮುಂದೆ ಮೂವರಿದ್ದಾರೆ. ಜುಲೈ ಮೊದಲ ವಾರ ಅವರ ಸರದಿ.

ಈಗ ನಿನ್ನ ವಿಷಯ. ನಿನ್ನೆ ನಿನ್ನ ಎರಡೂ ಕಾಗದ ತೆಗೆದು ನೀನು ಓದುವ ಹಾಗೆ ಓದಿದೆ. ಲಾಡಿ ಎರಡು ಬೆರಳು ಉದ್ದ ಮಾಡಿಸಿದೆ. ಎಡಮಗ್ಗುಲಿಗೆ ಮಲಗುವುದು ಬಿಟ್ಟೆ. ತಿಂದು ಕೊಬ್ಬಿದ ಕುತ್ತಿಗೆ ಒಂದೇ ಕಡೆ ನೋಯುವುದಿಲ್ಲ, ಮಾಮ. ನಾನು ಕುತ್ತಿಗೆಯ ಗಡ್ಡೆ ತೆಗೆಯುವ ಡಾಕ್ಟರು, ನಿನಗೆ ಇನ್ನೂ ಚೆನ್ನಾಗಿ ತಿನ್ನು ಅಂತ ಬರೆದೆ. ನಾಚಿಕೆಯಾಗಬೇಕು.

ಎಷ್ಟು ದೊಡ್ಡದು, ಯಾವಾಗಿನಿಂದ, ಒತ್ತಿದರೆ ಸರಿಯುತ್ತದೆಯೋ ಇಲ್ಲವೋ, ಇಷ್ಟಕ್ಕೆ ಉತ್ತರ ಬರೆ. ಇಲ್ಲ, ಬರೆಯಬೇಡ. ಹೊರಟು ಬಾ.

*

ಜೂನ್ 22

ಪ್ರೀತಿಯ ಕತ್ತರಿಗೆ,

ಸಿಕ್ಕಿಬಿದ್ದೆ. ಎಡಗಿವಿಯ ಕೆಳಗೆ, ನಿಂಬೆಹಣ್ಣಿನಷ್ಟು. ಮಾರ್ಚಿನಿಂದ ಇದೆ, ಆಗ ಬಟಾಣಿಯಷ್ಟಿತ್ತು. ಒತ್ತಿದರೆ ಸ್ವಲ್ಪ ಸರಿಯುತ್ತದೆ, ಮೊದಲಿನಷ್ಟಿಲ್ಲ.

ಯಾಕೆ ಹೇಳಲಿಲ್ಲ ಅಂತ ನೀನು ಬೈಯುವ ಮುಂಚೆ ಹೇಳಿಬಿಡುತ್ತೇನೆ. ನಿನ್ನ ಮೊದಲ ಕಾಗದದಲ್ಲೇ ನೂರ ನಲವತ್ತಮೂರು ಜನ ಅಂತ ಬರೆದಿದ್ದೆ. ನಾನು ಬಂದು ನಿಂತರೆ ಪಟ್ಟಿ ಬರೆಯುವವಳ ಮಾಮ ಬಂದು ನಿಂತ ಹಾಗೆ. ಟ್ರಸ್ಟಿಯ ಭಾವಮೈದುನನಿಗೂ ನನಗೂ ಆಮೇಲೆ ವ್ಯತ್ಯಾಸ ಏನು? ಆ ಕೊಳಕು ನಿನಗೆ ಮೆತ್ತುವುದು ನನಗೆ ಬೇಡವಾಗಿತ್ತು.

ಟೈಲರಮ್ಮನ ಅಳಿಯ ಔಷಧಿ ಸಾಗಿಸುವ ವ್ಯಾನು ಓಡಿಸುತ್ತಾನೆ, ಅವನಿಗೆ ಪಾಸಿದೆ. ಶುಕ್ರವಾರ ನನ್ನನ್ನು ಕರೆತರುತ್ತಾನಂತೆ. ಬರುತ್ತೇನೆ. ಆದರೆ ಒಂದು ಷರತ್ತು. ಬೇರೆ ಡಾಕ್ಟರು ನನಗೆ ಅಂಕ ಹಾಕಲಿ, ನನ್ನ ಸರದಿ ಬಂದಾಗ ಮಾತ್ರ ಕತ್ತರಿಸಿ.

ಮಾಮ

*

ಆಗಸ್ಟ್ 9

ಪ್ರೀತಿಯ ಕತ್ತರಿಗೆ,

ಮನೆ ತಲುಪಿ ಹನ್ನೆರಡು ದಿನವಾಯಿತು. ಹೊಲಿಗೆಯ ಗೆರೆ ಒಣಗಿದೆ. ಎಡಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ, ನೀನು ಹೇಳಿದ ಹಾಗೆ ಗೋಡೆಯ ಮೇಲೆ ಬೆರಳು ಹತ್ತಿಸಿ ವ್ಯಾಯಾಮ ಮಾಡುತ್ತಿದ್ದೇನೆ. ದೊಡ್ಡ ಡಾಕ್ಟರು ಪೂರ್ತಿ ತೆಗೆದಿದ್ದೇವೆ ಅಂತ ಚೀಟಿಯಲ್ಲಿ ಬರೆದುಕೊಟ್ಟರು. ದಿನಕ್ಕೆರಡು ಸಲ ಅದನ್ನು ಓದುತ್ತೇನೆ. ಅದರಲ್ಲೂ ಒಂದು ಕಾಗುಣಿತ ತಪ್ಪಿದೆ, ತಿದ್ದಿಲ್ಲ.

ಅಲ್ಲಿದ್ದಾಗ ನೀನು ಬಂದು ಗಾಯ ನೋಡಿ ಹೋಗುತ್ತಿದ್ದೆ, ಕೂರಲಿಲ್ಲ. ಆ ಪ್ಲಾಸ್ಟಿಕ್ ದಿರಿಸಿನಲ್ಲಿ ನಿನ್ನ ಮುಖ ಸರಿಯಾಗಿ ಕಾಣಲೂ ಇಲ್ಲ. ದಣಿದಿದ್ದೀಯ ಅಂದುಕೊಂಡೆ.

ಬಂದು ಹತ್ತೇ ದಿನಕ್ಕೆ ನನ್ನ ಸರದಿ ಬಂತಲ್ಲ ಅಂತ ಟೈಲರಮ್ಮನಿಗೆ ಆಶ್ಚರ್ಯ. ಬಸ್ ತೊಳೆಯುವವರಿಗೆ ಏನಾಯಿತು?

ಮಾಮ

*

ಆಗಸ್ಟ್ 20

ಮಾಮ,

ಭುಜದ ವ್ಯಾಯಾಮ ದಿನಕ್ಕೆ ನಾಲ್ಕು ಸಲ ಮಾಡು, ನೋವಾದರೂ ನಿಲ್ಲಿಸಬೇಡ. ಗೆರೆಯ ಮೇಲೆ ಎಣ್ಣೆ ಹಚ್ಚಬಹುದು. ರಂಧ್ರದ ಸುತ್ತ ಒದ್ದೆ ಇರಬಾರದು. ಮೂರು ತಿಂಗಳಿಗೊಮ್ಮೆ ತಪಾಸಣೆ, ಈ ಸಲ ತಪ್ಪಿಸುವ ಹಾಗಿಲ್ಲ. ಬಸ್ ತೊಳೆಯುವವರಿಗೂ ಆಪರೇಷನ್ ಆಯಿತು, ಚೇತರಿಸಿಕೊಳ್ಳುತ್ತಿದ್ದಾರೆ. ಇಲ್ಲಿ ಕೆಲಸ ಜಾಸ್ತಿ. ಮತ್ತೆ ಬರೆಯುತ್ತೇನೆ.

*

ಆಗಸ್ಟ್ 29

ಕತ್ತರಿ,

ಕೆಳಗೆ ಹೆಸರು ಹಾಕುವುದನ್ನೂ ಮರೆತಿದ್ದೀಯ.

ಅವರಿಗೆ ಯಾವತ್ತು ಆಪರೇಷನ್ ಆಯಿತು? ಜುಲೈ ಮೊದಲ ವಾರ ಅವರ ಸರದಿ ಅಂತ ನೀನೇ ಬರೆದಿದ್ದೆ. ವಾರಕ್ಕೆ ಹಾಸಿಗೆ ಒಂದೇ ಅಂತಲೂ ಬರೆದಿದ್ದೆ. ಜುಲೈ ಎಂಟಕ್ಕೆ ಆ ಹಾಸಿಗೆಯಲ್ಲಿ ಕಣ್ಣುಬಿಟ್ಟವನು ನಾನು.

ಅಲ್ಲಿ ಮೂರು ವಾರ ಮಲಗಿದ್ದೆ. ಸ್ಲೇಟು, ಪೆನ್ನು ತಲೆದಿಂಬಿನ ಪಕ್ಕದಲ್ಲೇ ಇದ್ದವು. ಕೇಳಬಹುದಿತ್ತು, ಕೇಳಲಿಲ್ಲ. ಕೇಳಿದರೆ ನೀನು ಹೇಳಿಬಿಡುತ್ತೀಯ ಅಂತ ಗೊತ್ತಿತ್ತು. ಈಗ ಹೊಲಿಗೆ ಒಣಗಿದ ಮೇಲೆ ಕೇಳುತ್ತಿದ್ದೇನೆ. ಎಂಥ ಧೈರ್ಯವಂತ ನೋಡು.

ಮಾಮ

*

ಸೆಪ್ಟೆಂಬರ್ 8

ಮಾಮ,

ಜುಲೈ ಆರು, ಸೋಮವಾರ. ನಿನ್ನ ಷರತ್ತಿನಂತೆ ನಿನಗೆ ಅಂಕ ಹಾಕಿದ್ದು ಬೇರೆ ಡಾಕ್ಟರು. ಸರಿಯಾಗಿಯೇ ಹಾಕಿದ್ದರು, ಐಸಿಯು ಹಾಸಿಗೆಯ ಸಾಲಿನಲ್ಲಿ ನೀನು ಏಳನೆಯವನು. ಅಂದರೆ ಆಗಸ್ಟ್ ಮೂರನೆಯ ವಾರ. ಅಷ್ಟು ಹೊತ್ತಿಗೆ ಆ ಗಡ್ಡೆ ಕುತ್ತಿಗೆಯ ದೊಡ್ಡ ರಕ್ತನಾಳವನ್ನು ಸುತ್ತಿಕೊಂಡಿರುತ್ತಿತ್ತು, ಆಮೇಲೆ ಯಾರೂ ಮುಟ್ಟುತ್ತಿರಲಿಲ್ಲ. ನಿನ್ನ ಸ್ಕ್ಯಾನನ್ನು ಒಂದು ವಾರ ದಿನವೂ ನೋಡಿದ್ದೆ.

ಆ ವಾರದ ಹಾಸಿಗೆ ಅವರದು. ಆಪರೇಷನ್ನಿಗೆ ಮುಂಚೆ ಕೊರೋನಾ ಇಲ್ಲ ಅಂತ ವರದಿ ಬೇಕು, ಇಲ್ಲದಿದ್ದರೆ ಪಟ್ಟಿಯಿಂದ ಹೆಸರು ತೆಗೆಯುತ್ತೇವೆ. ಬೆಳಿಗ್ಗೆ ಒಂಬತ್ತಕ್ಕೆ ಅವರ ವರದಿ ಬಂತು. ಸೋಂಕಿಲ್ಲ. ಅದನ್ನು ನಾನು ನನ್ನ ಕೋಟಿನ ಜೇಬಿಗೆ ಹಾಕಿಕೊಂಡೆ. ಹತ್ತಕ್ಕೆ ಮೀಟಿಂಗು.

"ಬಸ್ ಡಿಪೋದವರು ರೆಡಿನಾ?" ಅಂತ ಸೂಪರಿಂಟೆಂಡೆಂಟ್ ಕೇಳಿದರು.

"ವರದಿ ಬಂದಿಲ್ಲ ಸರ್."

"ಮತ್ಯಾರು ರೆಡಿ ಇದಾರೆ?"

ಎರಡು ದಿನ ಮುಂಚೆಯೇ ಪರೀಕ್ಷೆ ಮಾಡಿಸಿ ವಾರ್ಡಿನಲ್ಲಿ ಮಲಗಿಸಿದ್ದು ನಿನ್ನೊಬ್ಬನನ್ನೇ. ನಿನ್ನ ಹೆಸರು ಹೇಳಿದೆ. ನೀನು ನನ್ನ ಮಾಮ ಅಂತ ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಸಹಿ ಮಾಡಿದರು. ಸೂಪರಿಂಟೆಂಡೆಂಟ್ ಮಾತ್ರ ಹೊರಗೆ ಹೋಗುವಾಗ ನನ್ನ ಬೆನ್ನು ತಟ್ಟಿದರು. ಆ ಕೈ ಇನ್ನೂ ಅಲ್ಲೇ ಅಂಟಿಕೊಂಡಿದೆ ಅನ್ನಿಸುತ್ತದೆ. ನಾನೂ ಅವರ ಜೊತೆಗೆ ಸೇರಿದೆ ಅಂತ ಅವರಿಗೆ ಗೊತ್ತಾಗಿತ್ತು.

ನಾನೂ ಒಂದು ವಾರದ ಮಾತು ಅಂದುಕೊಂಡಿದ್ದೆ. ಮುಂದಿನ ವಾರ ಐಸಿಯು ತುಂಬಿ ನಮ್ಮ ಹಾಸಿಗೆಯನ್ನೂ ತೆಗೆದುಕೊಂಡರು. ಅದರ ಮುಂದಿನ ವಾರವೂ ಕೊಡಲಿಲ್ಲ. ಅವರಿಗೆ ಆಪರೇಷನ್ ಆದದ್ದು ಜುಲೈ ಇಪ್ಪತ್ತೊಂಬತ್ತಕ್ಕೆ, ನೀನು ವ್ಯಾನು ಹತ್ತಿ ಮನೆಗೆ ಹೊರಟ ಮಾರನೆಯ ದಿನ. ಜುಲೈ ಎಂಟಕ್ಕೆ ಆಗಿದ್ದರೆ ದವಡೆಯ ಅಂಚು ತೆಗೆದರೆ ಸಾಕಿತ್ತು. ಎಡಗಡೆಯ ಅರ್ಧ ದವಡೆ ಹೋಯಿತು. ಗರಗಸ ಹಿಡಿದವರು ದೊಡ್ಡ ಡಾಕ್ಟರು. ಆ ಮೂಳೆಯನ್ನು ಎತ್ತಿ ಟ್ರೇಗೆ ಹಾಕಿದವಳು ನಾನು.

ಇಷ್ಟು ನಾನು ಮಾಡಿದ್ದು. ಬೇರೆ ಯಾರೂ ಅಲ್ಲ.

*

ಸೆಪ್ಟೆಂಬರ್ 17

ಕತ್ತರಿ,

ನಿನ್ನ ಮೇಲೆ ನನಗೆ ಹೇಸಿಗೆ ಹುಟ್ಟಬೇಕಿತ್ತು. ಎರಡು ದಿನ ಕಾದು ನೋಡಿದೆ, ಹುಟ್ಟಲಿಲ್ಲ. ಕನ್ನಡಿಯಲ್ಲಿ ಕುತ್ತಿಗೆ ನೋಡಿಕೊಂಡಾಗ ಸಂತೋಷವಾಯಿತು, ಬದುಕಿದ್ದೇನಲ್ಲ ಅಂತ. ಹೇಸಿಗೆ ಬಂದದ್ದು ಆ ಸಂತೋಷದ ಮೇಲೆ.

ಮುಚ್ಚಿಟ್ಟಿದ್ದನ್ನು ಈಗ ಹೇಳುತ್ತೇನೆ. ಕೊಳಕು ನಿನಗೆ ಮೆತ್ತಬಾರದು ಅಂತ ಗಡ್ಡೆಯ ವಿಷಯ ಹೇಳಲಿಲ್ಲ ಅಂತ ಬರೆದಿದ್ದೆನಲ್ಲ, ಅದು ಶುದ್ಧ ಸುಳ್ಳು. ನನಗೆ ಮತ್ತೊಂದು ಆಪರೇಷನ್ನಿನ ಭಯ. ಮೊದಲ ಸಲ ಎಚ್ಚರಾಗಿ ಕೂಗಲು ಹೋದಾಗ ದನಿ ಬರದಿದ್ದ ಆ ಬೆಳಿಗ್ಗೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಆ ಹೇಡಿತನಕ್ಕೆ ಒಳ್ಳೆಯ ಮಾತಿನ ಅಂಗಿ ತೊಡಿಸಿದೆ. ಆಮೇಲೆ ಷರತ್ತು ಹಾಕಿ ವ್ಯಾನು ಹತ್ತಿದೆನಲ್ಲ, ದಾರಿಯುದ್ದಕ್ಕೂ ಒಂದೇ ಯೋಚನೆ. ನೀನು ಆ ಷರತ್ತು ಮುರಿಯುತ್ತೀಯ ಅಂತ. ಮುರಿಯಲಿ ಅಂತ. ಮಾರ್ಚಿನಲ್ಲೇ ಹೇಳಿದ್ದರೆ ಚಿಕ್ಕ ಆಪರೇಷನ್ನಿನಲ್ಲಿ ಮುಗಿಯುತ್ತಿತ್ತು, ಯಾರ ಹಾಸಿಗೆಯೂ ಬೇಕಾಗುತ್ತಿರಲಿಲ್ಲ. ಮೇ ತಿಂಗಳಲ್ಲಿ ನಿನಗೆ ಪಾಠ ಹೇಳಲು ಪೆನ್ನು ಹಿಡಿದಾಗಲೂ ಇನ್ನೊಂದು ಕೈ ಆ ಗಡ್ಡೆಯ ಮೇಲಿತ್ತು.

ಇದರ ಜೊತೆ ಇನ್ನೊಂದು ಕಾಗದ ಇಟ್ಟಿದ್ದೇನೆ, ಅವರಿಗೆ. ಓದಿ ಕೊಡು. ಕೊಡದೆ ಇರಬೇಡ.

ಮಾಮ

*

(ಒಳಗಿಟ್ಟ ಕಾಗದ)

ಸೆಪ್ಟೆಂಬರ್ 17

ಅಮ್ಮಾ,

ನಾನು ನಿಮಗೆ ಪರಿಚಯದವನಲ್ಲ. ಜುಲೈ ಎಂಟರಂದು ನಿಮಗೆ ಸಿಗಬೇಕಿದ್ದ ಹಾಸಿಗೆಯಲ್ಲಿ ಮಲಗಿದವನು ನಾನು. ನಿಮ್ಮ ಕೊರೋನಾ ಪರೀಕ್ಷೆಯ ವರದಿ ಜುಲೈ ಆರರ ಬೆಳಿಗ್ಗೆಯೇ ಬಂದಿತ್ತು. ಈ ಕಾಗದ ನಿಮ್ಮ ಕೈಗೆ ಕೊಡುತ್ತಿರುವ ಡಾಕ್ಟರು ನನ್ನ ಅಕ್ಕನ ಮಗಳು. ನನ್ನನ್ನು ಉಳಿಸಿಕೊಳ್ಳಲು ಅವಳು ಆ ವರದಿಯನ್ನು ಬಚ್ಚಿಟ್ಟಳು. ನನಗೆ ಅನುಮಾನವಿತ್ತು, ಆದರೂ ಕೇಳದೆ ಸುಮ್ಮನಿದ್ದೆ. ನೀವು ಕಳೆದುಕೊಂಡದ್ದನ್ನು ನಾವು ಕೊಡಲಾರೆವು. ನಿಮಗೆ ಇದು ಗೊತ್ತಿರಬೇಕು ಅಂತ ಬರೆದಿದ್ದೇನೆ. ಕೆಳಗೆ ನನ್ನ ಹೆಸರು, ವಿಳಾಸ ಇದೆ.

*

ಅಕ್ಟೋಬರ್ 14

ಮಾಮ,

ಕಾಗದ ಬಂದ ಮೇಲೆ ಅವರು ಎರಡು ಸಲ ತಪಾಸಣೆಗೆ ಬಂದರು. ಎರಡು ಸಲವೂ ಕೊಡಲಿಲ್ಲ. ನಿನ್ನೆ ಕೊಟ್ಟೆ.

ಹೊರರೋಗಿಗಳ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅವರು ಮುಖದ ಎಡಭಾಗಕ್ಕೆ ಬಟ್ಟೆ ಸುತ್ತಿಕೊಂಡು ಬರುತ್ತಾರೆ, ಒಳಗೆ ಬಂದ ಮೇಲೆ ಬಿಚ್ಚುತ್ತಾರೆ. ದವಡೆಯಿಲ್ಲದ ಕಡೆ ಕೆನ್ನೆ ಒಳಕ್ಕೆ ಹೋಗಿದೆ, ತುಟಿಯ ತುದಿಯಿಂದ ಜೊಲ್ಲು ಇಳಿಯುತ್ತದೆ, ಕರವಸ್ತ್ರ ಕೈಯಲ್ಲೇ ಇರುತ್ತದೆ. ಡಿಪೋದಲ್ಲಿ ಜನರ ಕಣ್ಣಿಗೆ ಬೀಳದ ಹಾಗೆ ಹಿಂದಿನ ಶೆಡ್ಡಿಗೆ ಹಾಕಿದ್ದಾರಂತೆ. ಮಾತು ತೊದಲುತ್ತದೆ, ನಿಧಾನವಾಗಿ ಹೇಳಿದರೆ ಅರ್ಥವಾಗುತ್ತದೆ.

ಬೆರಳಿಟ್ಟುಕೊಂಡು ಸಾಲು ಸಾಲಾಗಿ ಓದಿದರು. ನಿನ್ನ ಅಕ್ಷರ ದುಂಡಗಿದೆ, ಕಷ್ಟವಾಗಲಿಲ್ಲ. ಮುಗಿಸಿ ಮತ್ತೆ ಮೊದಲಿನಿಂದ ಓದಿದರು.

"ವರದಿ ಬಂದಿತ್ತಾ?"

"ಬಂದಿತ್ತು."

"ಅವತ್ತು ನಾನು ಹೊರಗೇ ಕೂತಿದ್ದೆ. ನೀವು ಬಂದು ಇನ್ನೂ ಬಂದಿಲ್ಲಮ್ಮ ಅಂದ್ರಿ. ಲ್ಯಾಬಿನವರಿಗೆ ನಾನು ಶಾಪ ಹಾಕಿದೆ."

ಕ್ಷಮಿಸಿ ಅಂದೆ. ಅವರು ಬಾಯಿ ಒರೆಸಿಕೊಂಡರು.

"ಹಾಗಂದ್ರೆ ನಿಮಗೆ ಹಗುರ ಆಗುತ್ತೆ ಅಲ್ವಾ? ನೋಡಿ ಡಾಕ್ಟ್ರಮ್ಮ, ಇಷ್ಟು ದಿನ ನನಗೆ ಕಾಯಿಲೆ ಬಂದಿತ್ತು ಅಂದ್ಕೊಂಡಿದ್ದೆ. ಕಾಯಿಲೆ ಮೇಲೆ ಯಾರು ಕೋಪ ಮಾಡ್ಕೋತಾರೆ? ಮಲಗಿದ್ರೆ ನಿದ್ದೆ ಬರ್ತಿತ್ತು. ಇವತ್ತಿಂದ ಅದೂ ಇಲ್ಲ."

ನಾವು ಯಾಕೆ ಹೇಳಿದೆವು, ಮಾಮ? ಅವರಿಗೆ ಗೊತ್ತಿರಬೇಕು ಅಂತ ನೀನು ಬರೆದೆ. ನಾನೂ ಹಾಗೇ ಅಂದುಕೊಂಡೆ. ಆ ಕೋಣೆಯಲ್ಲಿ ನಿಂತಾಗ ತಿಳಿಯಿತು, ನಮ್ಮ ಮೈಯ ಹೊಲಸನ್ನು ತೊಳೆದು ಆ ನೀರನ್ನು ಅವರ ಮೇಲೆ ಚೆಲ್ಲಿದೆವು.

ಅವರು ಕಾಗದವನ್ನು ಮಡಿಸಿದರು. "ಇದನ್ನ ಯಾರಿಗೆ ಕೊಡ್ಬೇಕು?"

"ಅಂದ್ರೆ?"

"ನಿಮ್ಮ ಮೇಲೆ ದೂರು ಕೊಡೋಕೆ ಯಾರಾದ್ರೂ ಇರ್ತಾರಲ್ಲ. ಇಲ್ಲಿಯವರು ಬೇಡ."

ವೈದ್ಯರ ಮೇಲಿನ ದೂರು ವಿಚಾರಿಸುವ ಮಂಡಳಿಯ ವಿಳಾಸವನ್ನು ಔಷಧಿ ಚೀಟಿಯಲ್ಲಿ ಬರೆದುಕೊಟ್ಟೆ. ಓದಿ ವಾಪಸು ಕೊಟ್ಟರು. "ನಿಮ್ಮ ಹೆಸರೂ ಬರೀರಿ. ಪೂರ್ತಿ." ಬರೆದೆ. ಎರಡನ್ನೂ ಸೇರಿಸಿ ಚೀಲದಲ್ಲಿಟ್ಟುಕೊಂಡರು. ನಿನ್ನ ವಿಳಾಸವೂ ಅದರಲ್ಲಿದೆ. ನಿನ್ನನ್ನೂ ಕೇಳುತ್ತಾರೆ. ನಾನು ಏನನ್ನೂ ಅಲ್ಲಗಳೆಯುವುದಿಲ್ಲ, ನೀನೂ ನನಗಾಗಿ ಏನೂ ಸೇರಿಸಬೇಡ.

ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಬಾಗಿಲ ಕಡೆ ನೋಡಿ, "ಇವತ್ತು ಬೇರೆ ಯಾರಾದ್ರೂ ಡಾಕ್ಟ್ರು ಇದಾರಾ?" ಅಂತ ಕೇಳಿದರು.

"ಇಲ್ಲ. ನಾನೊಬ್ಬಳೇ."

ಚೀಲವನ್ನು ಕಾಲ ಬಳಿ ಇಟ್ಟರು. ಎರಡು ಬಸ್ಸು ಬದಲಾಯಿಸಿ ಬಂದಿದ್ದರು, ಅರ್ಧ ದಿನದ ರಜ ಬರೆಸಿದ್ದರು.

"ಹಾಗಾದ್ರೆ ನೋಡಿ," ಅಂದು ಕುರ್ಚಿಗೆ ಒರಗಿದರು. ಬಾಯಿ ತೆರೆದರು, ಒಂದು ಬೆರಳು ಹೋಗುವಷ್ಟು, ಅಷ್ಟೇ ತೆರೆಯುವುದು. ನಾನು ಗ್ಲೌಸು ಹಾಕಿಕೊಂಡು ಟಾರ್ಚು ಹಿಡಿದೆ. ಗಾಯ ಚೆನ್ನಾಗಿ ಕೂಡಿದೆ. ಒಳಗೆಲ್ಲ ಬೆರಳಾಡಿಸಿ ನೋಡುವಷ್ಟು ಹೊತ್ತೂ ಅವರು ಕಣ್ಣು ಮುಚ್ಚಲಿಲ್ಲ. ನನ್ನನ್ನೇ ನೋಡುತ್ತಿದ್ದರು.

ಕತ್ತರಿ